ಕಾಲುವೆಯ ದೋಣಿ ಥೇಮ್ಸ್‌ನ ಉಬ್ಬರಕ್ಕೆ ಇಳಿಯುವ ಮುನ್ನ

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಎಂಬ ಉದ್ದನೆಯ ಕಿರಿದಾದ ದೋಣಿ ವರ್ಷಗಟ್ಟಲೆ ತಕರಾರಿಲ್ಲದೆ ಓಡುತ್ತದೆ. ಗಂಟೆಗೆ 4 ಮೈಲಿಯ ವೇಗಮಿತಿ, ಹೆಚ್ಚೆಂದರೆ ಎದೆಮಟ್ಟದ ನೀರು, ಅಲೆ ಎಂಬುದೇ ಇಲ್ಲ. ಎಂಜಿನ್ 1,400 ಆರ್‌ಪಿಎಂ ದಾಟುವ ಸಂದರ್ಭವೇ ಅಪರೂಪ. ಹಾಗಾಗಿ ತಂಪು ನೀರಿನ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ, ಡೀಸೆಲ್ ಟ್ಯಾಂಕಿನ ತಳದ ಕೆಸರು, ಸರಿಯಾಗಿ ಕೂರದ ಮುಚ್ಚಳ ಇವೆಲ್ಲ ಇದ್ದೂ ಕಾಣಿಸುವುದಿಲ್ಲ. ಉಬ್ಬರದ ನದಿಗೆ ಇಳಿದ ಅರ್ಧ ಗಂಟೆಯೊಳಗೆ ಇವು ಒಂದೊಂದಾಗಿ ತಲೆಯೆತ್ತುತ್ತವೆ, ಅದೂ ದಡಕ್ಕೆ ಕಟ್ಟಿ ನಿಲ್ಲಿಸಲು ಜಾಗವೇ ಇಲ್ಲದ ಕಡೆ. ಥೇಮ್ಸ್‌ಗೆ ಇಳಿಯುವ ತಯಾರಿ ಎಂದರೆ ನನ್ನ ಮಟ್ಟಿಗೆ ಮುಕ್ಕಾಲು ಪಾಲು ಎಂಜಿನ್ ಕೋಣೆಯ ಕೆಲಸ, ಕಾಲು ಪಾಲು ಮಾತ್ರ ದೋಣಿ ನಡೆಸುವ ಜಾಣ್ಮೆ.

ದೋಣಿಯ ರಚನೆಯನ್ನು ಮೊದಲು ನೆನಪಿಡಿ. ಅಗಲ 6 ಅಡಿ 10 ಅಂಗುಲ, ಅಂದರೆ 2.08 ಮೀಟರ್, ಏಕೆಂದರೆ ಹಳೆಯ ಕಿರುಗಾಲುವೆಗಳ ಲಾಕ್‌ಗಳು 7 ಅಡಿ ಅಗಲದವು (ಲಾಕ್ ಎಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ, ಎರಡೂ ಕಡೆ ಬಾಗಿಲಿರುವ ಕಟ್ಟೆ). ಉದ್ದ 70 ಅಡಿಯವರೆಗೂ ಹೋಗಬಹುದು. ತಳ ಚಪ್ಪಟೆ, ಕೆಳಗೆ ಕೀಲ್ ಎಂಬ ಏಣು ಇಲ್ಲ, ನೀರಿನೊಳಗೆ ಮುಳುಗಿರುವುದು ಎರಡರಿಂದ ಎರಡೂವರೆ ಅಡಿ. ಇಂಥ ಉದ್ದ, ಕಿರಿದು, ತಗ್ಗು ದೋಣಿಗೆ ಅಡ್ಡ ಬರುವ ಅಲೆಯೇ ಶತ್ರು.

ನಾನಿಲ್ಲಿ ಹೇಳುತ್ತಿರುವುದು ಲೈಮ್‌ಹೌಸ್‌ನಿಂದ ಬ್ರೆಂಟ್‌ಫರ್ಡ್‌ವರೆಗಿನ ದಾರಿಯ ಬಗ್ಗೆ. ಪೂರ್ವದಲ್ಲಿ ರೀಜೆಂಟ್ಸ್ ಕಾಲುವೆ ಥೇಮ್ಸ್‌ಗೆ ಸೇರುವ ಜಾಗ ಲೈಮ್‌ಹೌಸ್, ಪಶ್ಚಿಮದಲ್ಲಿ ಗ್ರ್ಯಾಂಡ್ ಯೂನಿಯನ್ ಕಾಲುವೆ ಸೇರುವ ಜಾಗ ಬ್ರೆಂಟ್‌ಫರ್ಡ್. ನಡುವೆ ಸುಮಾರು 16 ಮೈಲಿ, 26 ಕಿಲೋಮೀಟರ್.

ಎಲ್ಲಕ್ಕಿಂತ ಮೊದಲು ಡೀಸೆಲ್. ನದಿಯಲ್ಲಿ ಎಂಜಿನ್ ನಿಂತುಹೋಗುವುದಕ್ಕೆ ಸಾಮಾನ್ಯ ಕಾರಣ ಎಂಜಿನ್ನೇ ಅಲ್ಲ, ಇಂಧನ. ಟ್ಯಾಂಕಿನ ತಳದಲ್ಲಿ ನೀರು ಸೇರಿರುತ್ತದೆ. ಡೆಕ್ಕಿನ ಮೇಲಿನ ಡೀಸೆಲ್ ಮುಚ್ಚಳದ ರಬ್ಬರ್ ಓ-ರಿಂಗ್ ಒಣಗಿ ಸೀಳಿದ್ದರೆ ಪ್ರತಿ ಮಳೆಗೂ ಒಂದಿಷ್ಟು ನೀರು ಒಳಗಿಳಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನ ಗೋಡೆಯಲ್ಲಿ ಚಳಿಗಾಲದ ತೇವ ಹನಿಗಟ್ಟಿ ಇನ್ನಷ್ಟು ಸೇರುತ್ತದೆ. ನೀರೂ ಡೀಸೆಲ್ಲೂ ಸಂಧಿಸುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಕಾಲುವೆಯಲ್ಲಿ ಈ ಲೋಳೆ ಅಲುಗಾಡದೆ ತಳದಲ್ಲೇ ಕೂತಿರುತ್ತದೆ. ಟವರ್ ಬ್ರಿಡ್ಜ್ ಬಳಿ ದೋಣಿ ಒಂದು ಸಲ ಚೆನ್ನಾಗಿ ಹೊಯ್ದಾಡಿದರೆ ಸಾಕು, ಕಲಕಿ ಮೇಲೆದ್ದು ನೇರ ಫಿಲ್ಟರಿಗೆ ಹೋಗುತ್ತದೆ. ಆರ್‌ಪಿಎಂ ಏರಿಳಿಯುತ್ತದೆ, ಶಕ್ತಿ ಕುಂದುತ್ತದೆ, ಆಮೇಲೆ ಮೌನ.

ಮಾಡಬೇಕಾದ್ದು ಇಷ್ಟು. ಡೀಸೆಲ್ ತುಂಬುವ ಬಾಯಿಯಿಂದ ಒಂದು ಗಟ್ಟಿ ಕೊಳವೆಯನ್ನು ಟ್ಯಾಂಕಿನ ಅತಿ ತಗ್ಗಿನ ಮೂಲೆಗೆ ಇಳಿಸಿ, ಕೈಪಂಪಿನಿಂದ ಒಂದೆರಡು ಲೀಟರ್ ಎಳೆದು ಗಾಜಿನ ಜಾಡಿಗೆ ಹಾಕಿ. ಹಿಂದಿನ ರಾತ್ರಿಯಿಂದ ದೋಣಿ ಅಲುಗಾಡದೆ ನಿಂತಿದ್ದರೆ ಒಳ್ಳೆಯದು. ಒಂದು ಗಂಟೆ ಬಿಟ್ಟು ನೋಡಿ. ಕೆಳಗೆ ನೀರಿನ ಪದರ ಕಂಡರೆ ಶುದ್ಧ ಡೀಸೆಲ್ ಬರುವವರೆಗೆ ಎಳೆಯುತ್ತಾ ಹೋಗಿ. ಆಮೇಲೆ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಲೋಳೆ ಕೊಲ್ಲುವ ಬಯೋಸೈಡ್ ಹಾಕಿ, ಟ್ಯಾಂಕ್ ಭರ್ತಿ ಮಾಡಿ, ಓ-ರಿಂಗ್ ಹೊಸದು ಹಾಕಿ. ಬಯೋಸೈಡ್ ಸುರಿದ ಮರುದಿನವೇ ನದಿಗೆ ಹೋಗಬೇಡಿ. ಸತ್ತ ಲೋಳೆ ಕಳಚಿ ಬಂದು ಫಿಲ್ಟರ್ ಕಟ್ಟುತ್ತದೆ, ಅದು ಕಾಲುವೆಯಲ್ಲೇ ಕಟ್ಟಲಿ. ಕೆಲವು ದಿನ ಓಡಿಸಿ, ಫಿಲ್ಟರ್ ಬದಲಿಸಿ, ಆಮೇಲೆ ಹೊರಡಿ. ಕೈಗೆಟುಕುವ ಕಡೆ ಎರಡು ಹೊಸ ಫಿಲ್ಟರ್, ಸರಿಹೊಂದುವ ಸ್ಪ್ಯಾನರ್, ಒಂದು ಬಟ್ಟೆ ಇರಲಿ. ಫಿಲ್ಟರ್ ಬದಲಿಸಿದ ಮೇಲೆ ಗಾಳಿ ತೆಗೆಯುವುದನ್ನು ಮೊದಲೇ ಅಭ್ಯಾಸ ಮಾಡಿರಿ: ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಸಡಿಲಿಸಿ, ಲಿಫ್ಟ್ ಪಂಪಿನ ಸಣ್ಣ ಸನ್ನೆ ಒತ್ತುತ್ತಾ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ. ಮೊದಲ ಸಲ ಈ ಕೆಲಸ ಮಾಡುವ ಜಾಗ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕೆಳಗೆ ಆಗಬಾರದು.

ಎರಡನೆಯದು ಶಾಖ. ಬಹುಪಾಲು ನ್ಯಾರೋಬೋಟ್‌ಗಳು ಕಾಲುವೆಯ ನೀರನ್ನು ಒಳಗೆಳೆದು ತಂಪಾಗುವುದಿಲ್ಲ. ದೋಣಿಯ ಬದಿಯ ಉಕ್ಕಿನ ತಗಡಿಗೆ ಒಳಗಿನಿಂದ ಬೆಸೆದ ಚಪ್ಪಟೆ ಡಬ್ಬಿಯಿದೆ, ಅದೇ ಸ್ಕಿನ್ ಟ್ಯಾಂಕ್. ಎಂಜಿನ್ನಿನ ಬಿಸಿ ನೀರು ಅದರೊಳಗೆ ಸುತ್ತಿ, ಹೊರಗಿನ ಕಾಲುವೆ ನೀರಿಗೆ ಶಾಖ ಬಿಟ್ಟು ಮರಳುತ್ತದೆ. ದೋಣಿಯವರ ಲೆಕ್ಕ ಸರಳ: ಎಂಜಿನ್ನಿನ ಪ್ರತಿ 4 ಅಶ್ವಶಕ್ತಿಗೆ ಒಂದು ಚದರ ಅಡಿ ಟ್ಯಾಂಕ್ ಮೈ ಬೇಕು. 40 ಅಶ್ವಶಕ್ತಿಗೆ 10 ಚದರ ಅಡಿ. ಹಳೆಯ ದೋಣಿಗಳಲ್ಲಿ ಇದು ಕಡಿಮೆ ಇರುವುದುಂಟು. ಕಾಲುವೆಯಲ್ಲಿ ಎಂಜಿನ್ ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುವುದರಿಂದ ಕೊರತೆ ಗೊತ್ತೇ ಆಗುವುದಿಲ್ಲ. ನದಿಯಲ್ಲಿ 1,800ರಿಂದ 2,000 ಆರ್‌ಪಿಎಂನಲ್ಲಿ ಎರಡು ಗಂಟೆ ಓಡಿಸಿದಾಗ ಶಾಖಮಾಪಕದ ಮುಳ್ಳು ನಿಧಾನವಾಗಿ ಮೇಲೇರುತ್ತದೆ.

ಟ್ಯಾಂಕ್ ಸಾಕಷ್ಟು ದೊಡ್ಡದಿದ್ದೂ ಬಿಸಿಯೇರಿದರೆ ಮೊದಲ ಅನುಮಾನ ಗಾಳಿಯ ಮೇಲೆ. ಟ್ಯಾಂಕಿನ ನೆತ್ತಿಯಲ್ಲಿ ಒಂದು ಬ್ಲೀಡ್ ಸ್ಕ್ರೂ ಇರಬೇಕು. ಎಂಜಿನ್ ತಣ್ಣಗಿದ್ದಾಗ ಅದನ್ನು ಸಡಿಲಿಸಿ, ಗಾಳಿ ಬಿಟ್ಟು ನೀರು ಬರುವವರೆಗೆ ಕಾದು ಬಿಗಿ ಮಾಡಿ, ಮೇಲಿನ ಟ್ಯಾಂಕಿಗೆ ಅದೇ ಪ್ರಮಾಣದ ಆ್ಯಂಟಿಫ್ರೀಝ್ ಮಿಶ್ರಣ ತುಂಬಿ. ಪರೀಕ್ಷೆಗೆ ಸರಿಯಾದ ಜಾಗ ಕಾಲುವೆಯಲ್ಲ. ಅಲ್ಲಿ ಜೋರಾಗಿ ಓಡಿಸಿದರೆ ದಂಡೆ ಕೊರೆಯುತ್ತದೆ, ಕಟ್ಟಿ ನಿಲ್ಲಿಸಿದ ದೋಣಿಗಳ ಗೂಟ ಕಿತ್ತುಬರುತ್ತದೆ. ಉಬ್ಬರವಿಲ್ಲದ ಅಗಲವಾದ ನದಿ ಭಾಗದಲ್ಲಿ, ಹತ್ತಿರ ಯಾರೂ ಕಟ್ಟಿಲ್ಲದ ಕಡೆ, ಪ್ರವಾಹಕ್ಕೆ ಎದುರಾಗಿ ಅರ್ಧ ಗಂಟೆ ಓಡಿಸಿ. ಮುಳ್ಳು ಒಂದು ಕಡೆ ನಿಂತರೆ ಸರಿ. ಏರುತ್ತಲೇ ಇದ್ದರೆ ಥೇಮ್ಸ್ ಯೋಚನೆ ಸದ್ಯಕ್ಕೆ ಬಿಡಿ.

ಇನ್ನು ನೀರು ಒಳಗೆ ಬರುವ ದಾರಿಗಳು. ಹಿಂಭಾಗದಲ್ಲಿ ಪ್ರೊಪೆಲ್ಲರ್ ಮೇಲೆ ವೀಡ್ ಹ್ಯಾಚ್ ಇರುತ್ತದೆ, ಸುತ್ತಿಕೊಂಡ ಪ್ಲಾಸ್ಟಿಕ್ಕು, ಹಗ್ಗ ಬಿಡಿಸಲು. ಅದರ ಮುಚ್ಚಳದ ರಬ್ಬರ್ ಚಪ್ಪಟೆಯಾಗಿದ್ದರೆ ಅಥವಾ ಅಡ್ಡಪಟ್ಟಿಯ ತಿರುಪು ಸಡಿಲವಿದ್ದರೆ ಪ್ರೊಪೆಲ್ಲರ್ ಎತ್ತಿ ಎಸೆಯುವ ನೀರು ನೇರ ಎಂಜಿನ್ ಕೋಣೆಗೆ ಬೀಳುತ್ತದೆ. ವೇಗ ಹೆಚ್ಚಿದಷ್ಟೂ ಹೆಚ್ಚು. ನ್ಯಾರೋಬೋಟ್‌ಗಳು ಮುಳುಗುವುದಕ್ಕೆ ಇದು ಹಳೆಯ, ಪದೇಪದೇ ಕಾಣುವ ಕಾರಣ. ಮುಚ್ಚಳ ತೆಗೆದ ಪ್ರತಿ ಸಲವೂ ಹಾಕಿದ ಮೇಲೆ ಕೈಯಿಂದ ಅಲುಗಿಸಿ ನೋಡಿ, ಎಂಜಿನ್ ಗೇರ್‌ಗೆ ಹಾಕಿ ಮತ್ತೆ ಬಗ್ಗಿ ನೋಡಿ.

ಪ್ರೊಪೆಲ್ಲರ್ ಕಂಬ ಹೊರಗೆ ಹೋಗುವಲ್ಲಿ ಸ್ಟರ್ನ್ ಗ್ಲಾಂಡ್. ಗ್ರೀಸ್ ಹಿಡಿದ ಹೆಣೆದ ಹಗ್ಗದ ಸುರುಳಿಗಳು ನೀರು ತಡೆಯುತ್ತವೆ. ಪ್ರತಿದಿನ ಎಂಜಿನ್ ನಿಲ್ಲಿಸಿದ ಮೇಲೆ ಗ್ರೀಸರ್ ಹಿಡಿಯನ್ನು ಒತ್ತಡ ಸಿಗುವವರೆಗೆ ತಿರುಗಿಸಿದರೆ ತೊಟ್ಟಿಕ್ಕುವುದು ನಿಲ್ಲಬೇಕು. ಓಡುವಾಗ ನಿಮಿಷಕ್ಕೆ ಒಂದೆರಡು ಹನಿ ಬಿದ್ದರೆ ತೊಂದರೆಯಿಲ್ಲ. ಜಾಸ್ತಿಯಾದರೆ ಎರಡೂ ನಟ್‌ಗಳನ್ನು ಸಮನಾಗಿ, ಒಮ್ಮೆಗೆ ಕಾಲು ಸುತ್ತು ಮಾತ್ರ ಬಿಗಿ ಮಾಡಿ. ಸ್ವಲ್ಪ ಓಡಿಸಿ, ನಿಲ್ಲಿಸಿ, ಗ್ಲಾಂಡ್ ಮುಟ್ಟಿ ನೋಡಿ. ಕೈ ಸುಡುವಂತಿದ್ದರೆ ಬಿಗಿ ಹೆಚ್ಚಾಗಿದೆ, ಕಂಬ ಸವೆಯುತ್ತದೆ. ನಟ್ ತಿರುಗಲು ಜಾಗವೇ ಉಳಿದಿಲ್ಲವೆಂದರೆ ಹೊಸ ಪ್ಯಾಕಿಂಗ್ ಬೇಕು. ಸುರುಳಿಗಳ ತುದಿಯನ್ನು ಓರೆಯಾಗಿ ಕತ್ತರಿಸಿ, ಒಂದರ ಸೇರುವೆ ಇನ್ನೊಂದರ ಸೇರುವೆಯ ಮೇಲೆ ಬಾರದಂತೆ ಕೂರಿಸಿ.

ಮುಂಭಾಗದ ತಗ್ಗು ಡೆಕ್ಕಿಗೆ ನೀರು ಹರಿದುಹೋಗಲು ಎರಡು ರಂಧ್ರಗಳಿರುತ್ತವೆ. ಕುಡಿಯುವ ನೀರಿನ ಟ್ಯಾಂಕ್ ಸಾಮಾನ್ಯವಾಗಿ ಮೂಗಿನಲ್ಲೇ ಇರುವುದರಿಂದ, ಟ್ಯಾಂಕ್ ತುಂಬಿದಾಗ ಮೂಗು ತಗ್ಗಿ ಆ ರಂಧ್ರಗಳು ನೀರಿಗೆ ಹತ್ತಿರವಾಗುತ್ತವೆ. ಅಲೆ ಬಂದರೆ ಹೊರಹೋಗುವ ದಾರಿಯೇ ಒಳಬರುವ ದಾರಿ. ತಾತ್ಕಾಲಿಕ ಬಿರಡೆ ಹಾಕಿ, ಮೇಲೆ ಕ್ರ್ಯಾಚ್ ಎಂಬ ಮುಂಭಾಗದ ಬಟ್ಟೆಯ ಹೊದಿಕೆ ಬಿಗಿಯಾಗಿ ಕಟ್ಟಿ, ಮುಂಬಾಗಿಲಿನ ಬುಡದ ಗಾಳಿಕಿಂಡಿಗಳಿಗೆ ಹಲಗೆ ಇಟ್ಟು ಟೇಪ್ ಹಚ್ಚಿ. ಗ್ಯಾಸ್ ಸಿಲಿಂಡರ್ ಪೆಟ್ಟಿಗೆಯ ರಂಧ್ರವನ್ನು ಮಾತ್ರ ಮುಚ್ಚಲೇಬಾರದು. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ಅದಕ್ಕೆ ಹೊರಬೀಳಲು ಅದೊಂದೇ ದಾರಿ. ಗಾಳಿಕಿಂಡಿಗೆ ಹಚ್ಚಿದ ಟೇಪನ್ನು ಲಾಕ್ ಒಳಗೆ ಸೇರಿದ ಕೂಡಲೇ ಕಿತ್ತುಬಿಡಿ. ಒಲೆ ಹಚ್ಚುವ ದೋಣಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂತುಬಿಡುತ್ತದೆ.

ಮೈಗೆ ಬಿಟುಮೆನ್ ಬಳಿಯುವುದು ಎರಡು ಮೂರು ವರ್ಷಕ್ಕೊಮ್ಮೆ, ಉಕ್ಕು ತುಕ್ಕು ಹಿಡಿಯದಂತೆ ಸಿಹಿನೀರಿಗೆ ಮೆಗ್ನೀಸಿಯಂ ಆನೋಡ್, ಬೋಟ್ ಸೇಫ್ಟಿ ಸರ್ಟಿಫಿಕೇಟ್ ನಾಲ್ಕು ವರ್ಷಕ್ಕೊಮ್ಮೆ. ಇವು ಎಲ್ಲ ದೋಣಿಗೂ ಇರುವ ಕೆಲಸಗಳೇ.

ಲಂಗರಿನ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು. ಕಾಲುವೆಯಲ್ಲಿ ಅದಕ್ಕೆ ಕೆಲಸವಿಲ್ಲ, ಆದ್ದರಿಂದ ಎಷ್ಟೋ ದೋಣಿಗಳಲ್ಲಿ ಅದು ಪೆಟ್ಟಿಗೆಯ ತಳದಲ್ಲಿ ಬಿದ್ದಿರುತ್ತದೆ. 18 ಮೀಟರಿನ ದೋಣಿಗೆ 20ರಿಂದ 25 ಕಿಲೋ ಲಂಗರು, 10 ಮೀಟರ್ ಸರಪಳಿ, ಅದಕ್ಕೆ ಸೇರಿಸಿ 30 ಮೀಟರ್ ದಪ್ಪ ಹಗ್ಗ. ಹಗ್ಗದ ಇನ್ನೊಂದು ತುದಿಯನ್ನು ಮೂಗಿನ ಟಿ-ಸ್ಟಡ್ ಎಂಬ ಹಗ್ಗ ಕಟ್ಟುವ ಗೂಟಕ್ಕೆ ಹೊರಡುವ ಮೊದಲೇ ಕಟ್ಟಿರಬೇಕು. ಬಿಡುವಾಗ ಎಸೆಯಬೇಡಿ, ಇಳಿಸಿ.

ಈಗ ನದಿ. ನಮ್ಮ ಕರಾವಳಿಯವರಿಗೆ ಗೊತ್ತಿರುವಂತೆ ಹುಣ್ಣಿಮೆ, ಅಮಾವಾಸ್ಯೆ ಆದ ಒಂದೆರಡು ದಿನಕ್ಕೆ ಉಬ್ಬರ ಅತಿ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಅತಿ ಚಿಕ್ಕದು. ಆದರೆ ಮಂಗಳೂರಿನಲ್ಲಿ ಏರಿಳಿತ ಒಂದೂವರೆ ಮೀಟರಿನ ಆಸುಪಾಸು, ಲಂಡನ್ ಬ್ರಿಡ್ಜ್ ಬಳಿ ದೊಡ್ಡ ಉಬ್ಬರದ ದಿನ ಸುಮಾರು 7 ಮೀಟರ್. ಮೊದಲ ಪಯಣಕ್ಕೆ ಅಷ್ಟಮಿಯ ಹತ್ತಿರದ ದಿನ ಆರಿಸಿ. ಉಬ್ಬರದ ಕೋಷ್ಟಕ ಜಿಎಂಟಿಯಲ್ಲಿದ್ದರೆ ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಲು ಮರೆಯಬೇಡಿ.

ಲೆಕ್ಕ ಹೀಗೆ. ದೋಣಿಯ ಸ್ವಂತ ವೇಗ ಗಂಟೆಗೆ 8 ಕಿಲೋಮೀಟರ್, ಬೆನ್ನಿಗೆ ಉಬ್ಬರ 3ರಿಂದ 4. ಒಟ್ಟು 11–12 ಹಿಡಿದರೆ 26 ಕಿಲೋಮೀಟರಿಗೆ ಎರಡೂ ಕಾಲು ಗಂಟೆ ಚಿಲ್ಲರೆ. ಬ್ರೆಂಟ್‌ಫರ್ಡ್‌ನಲ್ಲಿ ಉಬ್ಬರ ತುಂಬುವುದು ಲಂಡನ್ ಬ್ರಿಡ್ಜ್‌ಗಿಂತ ಸುಮಾರು ಒಂದು ಗಂಟೆ ತಡ. ಹಾಗಾಗಿ ಲಂಡನ್ ಬ್ರಿಡ್ಜ್‌ನ ಪೂರ್ಣ ಉಬ್ಬರಕ್ಕೆ ಎರಡೂವರೆಯಿಂದ ಮೂರು ಗಂಟೆ ಮುಂಚೆ ಲೈಮ್‌ಹೌಸ್ ಬಿಟ್ಟರೆ ದಾರಿಯುದ್ದಕ್ಕೂ ನೀರು ಬೆನ್ನು ತಳ್ಳುತ್ತದೆ, ಕೈಯಲ್ಲಿ ಒಂದಿಷ್ಟು ಸಮಯವೂ ಉಳಿಯುತ್ತದೆ. ಎರಡೂ ಕಡೆಯ ಲಾಕ್‌ಗಳನ್ನು ಮುಂಚಿತವಾಗಿ ಕಾಯ್ದಿರಿಸಬೇಕು. 13.7 ಮೀಟರಿಗಿಂತ ಉದ್ದದ ದೋಣಿಗೆ ವಿಎಚ್‌ಎಫ್ ರೇಡಿಯೊ ಕಡ್ಡಾಯ. ನದಿಯ ಹಡಗು ಸಂಚಾರ ನೋಡಿಕೊಳ್ಳುವ ಲಂಡನ್ ವಿಟಿಎಸ್ ಇರುವುದು ಚಾನೆಲ್ 14ರಲ್ಲಿ. ಹೊರಡುವಾಗ ದೋಣಿಯ ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟು ಜನ ಎಂದು ತಿಳಿಸಿ, ಆಮೇಲೆ ಕೇಳುತ್ತಲೇ ಇರಿ. ಡೆಕ್ಕಿನ ಮೇಲಿರುವ ಎಲ್ಲರಿಗೂ ಲೈಫ್ ಜಾಕೆಟ್, ಮುಂಭಾಗದಲ್ಲಿ ಯಾರೂ ಬೇಡ.

ಲಾಕ್ ಬಾಗಿಲಿನಿಂದ ಹೊರಬೀಳುವಾಗ ಉಬ್ಬರ ಎಡದಿಂದ ಬಲಕ್ಕೆ ಹರಿಯುತ್ತಿರುತ್ತದೆ. ಮೂಗು ಹೊರಬಂದ ಕೂಡಲೇ ಅದು ಬಲಕ್ಕೆ ಎಳೆಯುತ್ತದೆ, ನಿಮಗೆ ಹೋಗಬೇಕಾದ್ದೂ ಆ ಕಡೆಗೇ. ಹಿಂಭಾಗ ಗೋಡೆಗೆ ಬಡಿಯದಂತೆ ಸಾಕಷ್ಟು ಎಂಜಿನ್ ಕೊಟ್ಟು ಧೈರ್ಯವಾಗಿ ಹೊರಬನ್ನಿ. ನದಿಯಲ್ಲಿ ಬಲಬದಿಯೇ ನಿಮ್ಮದು.

ಟವರ್ ಬ್ರಿಡ್ಜ್‌ನಿಂದ ಲ್ಯಾಂಬೆತ್‌ವರೆಗೆ ನೀರು ಅತಿ ಒರಟು. ವೇಗದ ಪ್ರಯಾಣಿಕ ದೋಣಿಗಳ ಅಲೆ ಎರಡೂ ಕಡೆಯ ನೆಟ್ಟಗಿನ ಕಲ್ಲುಗೋಡೆಗೆ ಬಡಿದು ವಾಪಸ್ ಬರುವುದರಿಂದ ಎಲ್ಲ ದಿಕ್ಕಿನಿಂದಲೂ ಅಲೆ. ಬರುತ್ತಿರುವ ಅಲೆಗೆ ಮೂಗನ್ನು ಓರೆಯಾಗಿ ತಿರುಗಿಸಿ, ಬದಿ ಒಡ್ಡಬೇಡಿ. ಸೇತುವೆಗಳಲ್ಲಿ ಎರಡು ಕಿತ್ತಳೆ ದೀಪವಿರುವ ಕಮಾನಿನ ಕೆಳಗೆ ಹೋಗಿ. ಕಮಾನಿನಿಂದ ಹುಲ್ಲಿನ ಕಂತೆ ನೇತಾಡುತ್ತಿದ್ದರೆ ಅಲ್ಲಿ ಎತ್ತರ ಕಡಿಮೆಯಾಗಿದೆ ಎಂದರ್ಥ. ಸೇತುವೆಯ ಮೇಲೆ ಬಿಳಿ ದೀಪ ಮಿನುಗಿದರೆ ದೊಡ್ಡ ಹಡಗು ಬರುತ್ತಿದೆ. ಅಲೆಗಿಂತ ನನಗೆ ಹೆಚ್ಚು ಭಯ ನದಿಯ ನಡುವೆ ಕಟ್ಟಿ ನಿಲ್ಲಿಸಿದ ಸರಕು ದೋಣಿಗಳದ್ದು. ಅವುಗಳ ಮೂಗಿನ ಕೆಳಗೆ ನೀರು ನುಗ್ಗುತ್ತದೆ. ಎಂಜಿನ್ ನಿಂತ ನ್ಯಾರೋಬೋಟ್ ಅಲ್ಲಿಗೆ ತೇಲಿದರೆ ಅಡ್ಡಬಿದ್ದು ಒಳಗೆಳೆಯಲ್ಪಡುತ್ತದೆ. ಅವು ದೂರದಲ್ಲಿ ಕಂಡಾಗಲೇ ಪಕ್ಕಕ್ಕೆ ಸರಿಯಿರಿ, ಎಂಜಿನ್ ಕೆಮ್ಮಿದರೆ ಅವಕ್ಕಿಂತ ಮೊದಲೇ ಲಂಗರು ಇಳಿಸಿ, ಚಾನೆಲ್ 14ರಲ್ಲಿ ಕರೆಯಿರಿ.

ಲ್ಯಾಂಬೆತ್ ಬಳಿ ಎಡಗಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನ ಪುತ್ಥಳಿಯಿದೆ. ನೋಡುವ ಕೆಲಸ ಜೊತೆಯವರಿಗೆ ಬಿಡಿ. ಟಿಲ್ಲರ್ (ಚುಕ್ಕಾಣಿಯ ಹಿಡಿ) ಹಿಡಿದವರ ಕಣ್ಣು ನೀರಿನ ಮೇಲಿರಲಿ, ತೇಲುವ ಮರದ ದಿಮ್ಮಿಗಳು ಇಲ್ಲಿ ಸಾಮಾನ್ಯ.

ಪಟ್ನಿ ದಾಟಿದ ಮೇಲೆ ನೀರು ಶಾಂತ, ಹುಟ್ಟು ಹಾಕಿ ದೋಣಿ ನಡೆಸುವ ತಂಡಗಳೇ ಹೆಚ್ಚು, ಅವರಿಗಾಗಿ ವೇಗ ತಗ್ಗಿಸಿ. ಕ್ಯೂ ಸೇತುವೆ ಕಳೆದು ಬಲಗಡೆ ಬ್ರೆಂಟ್‌ಫರ್ಡ್‌ನ ಬಾಯಿ ಬರುತ್ತದೆ. ಸುಲಭವಾಗಿ ಕಣ್ತಪ್ಪುವ ಜಾಗ. ಬೆನ್ನಿಗೆ ನೀರಿದ್ದಾಗ ನೇರ ತಿರುಗಲು ಹೋಗಬೇಡಿ, ಅಡ್ಡಲಾಗಿ ಕೊಚ್ಚಿಕೊಂಡು ಹೋಗುತ್ತೀರಿ. ಬಾಯಿಯನ್ನು ದಾಟಿ ಮುಂದೆ ಹೋಗಿ, ಅಗಲ ನೀರಿನಲ್ಲಿ ಪೂರ್ತಿ ತಿರುಗಿ, ಪ್ರವಾಹಕ್ಕೆ ಮುಖ ಮಾಡಿ ನಿಧಾನವಾಗಿ ಒಳಸೇರಿ. ತಪ್ಪಿಹೋದರೆ ಮುಂದೆ ಟೆಡಿಂಗ್ಟನ್‌ವರೆಗೆ ಸಾಗಬಹುದು, ಸುಮಾರು ಐದು ಮೈಲಿ. ಉಬ್ಬರ ಅಲ್ಲಿಗೆ ಮುಗಿಯುತ್ತದೆ.

ನ್ಯಾರೋಬೋಟ್‌ಗಳು ಇಳಿಯುವ ಇನ್ನೊಂದು ಉಬ್ಬರದ ನದಿ ಟ್ರೆಂಟ್, ಅದರದು ಬೇರೆ ಸ್ವಭಾವ. ಕ್ರೋಮ್‌ವೆಲ್ ಲಾಕ್‌ನಿಂದ ಕೆಳಗೆ ಉಬ್ಬರವಿದೆ, ದೋಣಿ ಸಂಚಾರ ಕಡಿಮೆ, ಆದರೆ ತಿರುವುಗಳ ಒಳಬದಿ ಹೂಳು ತುಂಬಿ ಆಳವಿಲ್ಲ. ಅಲ್ಲಿ ಅಡ್ಡದಾರಿ ಹಿಡಿದು, ಇಳಿತದ ಹೊತ್ತಿಗೆ ನೆಲ ಕಚ್ಚಿದರೆ ಮುಂದಿನ ಉಬ್ಬರದವರೆಗೆ ಓರೆಯಾಗಿ ಕೂರಬೇಕು. ತಿರುವಿನ ಹೊರಬದಿಯೇ ದಾರಿ.

ಬ್ರೆಂಟ್‌ಫರ್ಡ್ ತಲುಪಿದ ಸಂಜೆ ದೋಣಿಯ ತಳದ ಗುಂಡಿಯಲ್ಲಿ, ಅಂದರೆ ಬಿಲ್ಜ್‌ನಲ್ಲಿ, ಎಷ್ಟು ನೀರು ಸೇರಿದೆ ನೋಡಿ, ಬಿರಡೆ ತೆಗೆಯಿರಿ, ಗ್ರೀಸರ್ ತಿರುಗಿಸಿ. ಮರುದಿನ ಎಂಜಿನ್ ತಣ್ಣಗಿರುವಾಗ ಮೌಂಟ್‌ಗಳ ನಟ್, ಕಪ್ಲಿಂಗ್ ಬೋಲ್ಟ್, ಆಲ್ಟರ್ನೇಟರ್ ಬೆಲ್ಟ್ ಮೂರನ್ನೂ ಪರೀಕ್ಷಿಸಿ, ಎರಡು ಗಂಟೆಯ ಹೊಯ್ದಾಟ ಅವನ್ನು ಸಡಿಲಿಸಿರುತ್ತದೆ. ಇಂಧನ ಫಿಲ್ಟರ್ ಕೆಳಗಿನ ಬಟ್ಟಲನ್ನು ಜಾಡಿಗೆ ಬಸಿದು ನೋಡಿ. ತಿಳಿಯಾಗಿದ್ದರೆ ಮುಂದಿನ ಸರ್ವಿಸ್‌ವರೆಗೆ ಅದೇ ಫಿಲ್ಟರ್ ಸಾಕು, ಕಪ್ಪು ಚೂರು ಕಂಡರೆ ಹೊಸದು ಹಾಕಿ ಟ್ಯಾಂಕಿನ ತಳವನ್ನು ಮತ್ತೊಮ್ಮೆ ಎಳೆಯಿರಿ.