ಅಂಗಡಿಕಾರನಿಲ್ಲದ ಅಂಗಡಿಯ ಕಿರ್ದಿ

ನೀತಿಪಾಠದ ಪಿರಿಯಡ್‌ನಲ್ಲಿ ಕೇಳಿದ್ದೆಲ್ಲ ಮರೆತುಹೋಗಿದೆ. ಶಾಲೆಯ ಪಡಸಾಲೆಯ ಅಂಗಡಿ ಮಾತ್ರ ಮರೆತಿಲ್ಲ. ಒಂದು ಮರದ ಕಪಾಟು, ಬೀಗವಿಲ್ಲದ ರೊಕ್ಕದ ಡಬ್ಬಿ, ದಾರ ಕಟ್ಟಿದ ಪೆನ್ನು, ಒಂದು ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ. ಬೇಕಾದ್ದನ್ನು ತೆಗೆದುಕೊಳ್ಳಬೇಕು, ರೊಕ್ಕ ಹಾಕಬೇಕು, ಬರೆದು ಹೋಗಬೇಕು. ಕಾಯುವವರು ಯಾರೂ ಇಲ್ಲ.

ಒಬ್ಬರನ್ನೊಬ್ಬರು ನಂಬಿ ರೊಕ್ಕದ ವ್ಯವಹಾರ ನಡೆಸುವ ಈ ವಿಚಾರ ಗದಗ ಸೀಮೆಗೆ ಹೊಸದಲ್ಲ. ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರಿ ಪತ್ತಿನ ಸಂಘ ಕಟ್ಟಿದ್ದರು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಡಿ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿ ಇರಲಿಲ್ಲ. ಒಬ್ಬ ಸಾಲ ಮುಳುಗಿಸಿದರೆ ಉಳಿದವರ ತಲೆಗೆ. ಹಾಗಾಗಿ ಪಕ್ಕದ ಹೊಲದವನ ನಡತೆ ತನ್ನ ಲೆಕ್ಕವೂ ಆಗುತ್ತಿತ್ತು.

ಅಂಗಡಿಯಲ್ಲಿ ನೋಟ್‌ಬುಕ್‌, ಪೆನ್ಸಿಲ್‌, ರಬ್ಬರ್‌, ರಿಫಿಲ್‌ ಇಷ್ಟೇ. ಪೆಪ್ಪರಮೆಂಟು ಇಡುತ್ತಿರಲಿಲ್ಲ. ಒಂದನೆಯ ತರಗತಿಯ ಮಗುವನ್ನು ಅಂಥ ಪರೀಕ್ಷೆಗೆ ಒಡ್ಡುವುದು ಅನ್ಯಾಯ, ಮೇಲಾಗಿ ಇರುವೆ ಬೇರೆ. ಬೆಲೆಯೆಲ್ಲ 5, 10, 20 ರೂಪಾಯಿ. 8 ರೂಪಾಯಿ ಅಂತ ಬರೆದರೆ ಚಿಲ್ಲರೆಯ ರಗಳೆ ಶುರು. 'ಆಮೇಲೆ ಹಾಕ್ತೀನಿ' ಎಂದವರು ಮರೆಯುತ್ತಾರೆ. ಅರ್ಧ ಕೊರತೆ ಹುಟ್ಟುವುದು ಅಲ್ಲಿಯೇ, ಕಳ್ಳತನದಿಂದಲ್ಲ.

ಕಿರ್ದಿಯಲ್ಲಿ ಐದು ಕಾಲಂ: ತಾರೀಖು, ಹಾಜರಿ ನಂಬರು, ಸಾಮಾನು, ಹಾಕಿದ ರೊಕ್ಕ, ಉದ್ರಿ. ಹೆಸರಿನ ಬದಲು ನಂಬರು ಯಾಕೆಂದರೆ, ಬಡವರ ಮಗುವಿನ ಉದ್ರಿಯನ್ನು ಓಡಾಡುವವರೆಲ್ಲ ಓದಬಾರದು. ಉದ್ರಿ 20 ರೂಪಾಯಿ ಮೀರುವಂತಿಲ್ಲ, ವಾರದೊಳಗೆ ತೀರಬೇಕು. ಬರೆಯುವುದು ಪೆನ್ನಿನಲ್ಲೇ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ತಿದ್ದಿ ಬರೆದರೆ ಆ ಸಾಲನ್ನು ಯಾರೂ ನಂಬುವುದಿಲ್ಲ.

ಶನಿವಾರ ಬೇರೆ ಬೇರೆ ತರಗತಿಯ ಇಬ್ಬರು ಎಣಿಸುತ್ತಿದ್ದರು. ಒಬ್ಬರೇ ಎಣಿಸಿದರೆ ಲೆಕ್ಕ ಸರಿ ಇದ್ದರೂ ಗುಮಾನಿ ತಪ್ಪದು. 40 ನೋಟ್‌ಬುಕ್‌ನಲ್ಲಿ 28 ಉಳಿದಿವೆ ಅನ್ನಿ. ಹೋದದ್ದು 12, ಒಂದಕ್ಕೆ 20ರಂತೆ 240 ರೂಪಾಯಿ ಬರಬೇಕು. ಡಬ್ಬಿಯಲ್ಲಿ 200, ಉದ್ರಿ 20 ಇದ್ದರೆ ಕೊರತೆ 20. ಆ ಅಂಕಿ ಮಾತ್ರ ಬೋರ್ಡಿನ ಮೇಲೆ ಬರುತ್ತಿತ್ತು, ಯಾರ ಸುದ್ದಿಯೂ ಇಲ್ಲ. ಎರಡು ದಿನ ಬಿಟ್ಟು ಮತ್ತೆ ಎಣಿಸಬೇಕು, ಮರೆತವರಿಗೆ ನೆನಪಾಗಲು ಅಷ್ಟು ಸಮಯ ಬೇಕು.

ಕೊರತೆ ಕಂಡ ಕೂಡಲೇ ಚೀಲ ತಪಾಸಣೆಗೆ ಇಳಿದರೆ ಅಂಗಡಿ ಮುಗಿದಂತೆ. ಕದ್ದವನು ಬಚ್ಚಿಡುವುದನ್ನು ಕಲಿಯುತ್ತಾನೆ, ಕದಿಯದವನಿಗೆ ತನ್ನ ಮೇಲೂ ಗುಮಾನಿ ಇದೆ ಅಂತ ತಿಳಿಯುತ್ತದೆ. ಅದರ ಬದಲು ಸಾಮಾನು ಕಡಿಮೆ ಮಾಡುವುದು ಲೇಸು: 40ರ ಜಾಗದಲ್ಲಿ 10 ನೋಟ್‌ಬುಕ್‌ ಇಟ್ಟು, ಲೆಕ್ಕ ಕೂಡಿದ ಮೇಲೆ ಮತ್ತೆ ಏರಿಸುವುದು.

ಇನ್ನು, ಡಬ್ಬಿಯಲ್ಲಿ ಹೆಚ್ಚು ರೊಕ್ಕ ಬಂದರೆ ಖುಷಿಪಡುವಂತಿರಲಿಲ್ಲ. ಅದು ಯಾರೋ ಬಿಟ್ಟುಹೋದ ಚಿಲ್ಲರೆ. ಅದನ್ನೂ ಬೋರ್ಡಿನ ಮೇಲೆ ಬರೆದು, ಬೇರೆ ಲಕೋಟೆಯಲ್ಲಿ ಹಾಕಿ, ಕೇಳಲು ಬರುವವರಿಗಾಗಿ ಪರೀಕ್ಷೆ ಮುಗಿಯುವ ತನಕ ಇಡುತ್ತಿದ್ದರು.