ಮಗು ಅಳ್ಲಿ ಬಿಡಿ, ಬೆಲ್ಟ್ ಮಾತ್ರ ಬಿಚ್ಬೇಡಿ

ನಾನು ಕ್ಯಾಬಿನ್ ಕ್ರೂ, ಬೇಸ್ ಬೆಂಗಳೂರು, ಹಾರೋದು ಹೆಚ್ಚಾಗಿ ಏರ್‌ಬಸ್ ಎ320 ಮೇಲೆ, ದೇಶದೊಳಗಿನ ಸೆಕ್ಟರ್‌ಗಳು, ಮಧ್ಯೆ ಮಧ್ಯೆ ಗಲ್ಫ್. ಟ್ರೈನಿಂಗ್‌ನಲ್ಲಿ ಚಿಕ್ಕ ಮಕ್ಕಳ ವಿಷ್ಯ ಅಂದ್ರೆ ಇನ್ಫೆಂಟ್ ಬೆಲ್ಟ್ (ಮಡಿಲ ಮಗುಗೆ ಕಟ್ಟೋ ಚಿಕ್ಕ ಬೆಲ್ಟ್) ಹೇಗೆ ಪೋಣ್ಸೋದು, ಇನ್ಫೆಂಟ್ ಲೈಫ್ ಜಾಕೆಟ್ ಎಲ್ಲಿರತ್ತೆ, ಬ್ರೇಸ್ ಪೊಸಿಷನ್‌ನಲ್ಲಿ (ಅಪಘಾತದ ಹೊಡೆತ ತಡೆಯೋಕೆ ಬಗ್ಗಿ ಕೂರೋ ಭಂಗಿ) ಮಗು ತಲೆಗೆ ಕೈ ಹೇಗೆ ಆಸರೆ ಕೊಡ್ಬೇಕು, ಇಂಥದ್ದೇ ಜಾಸ್ತಿ. ಅದೆಲ್ಲ ಬೇಕೇ ಬೇಕು. ಕೆಲಸ ಮಾಡ್ತಾ ಮಾಡ್ತಾ ನಂಗೆ ಗೊತ್ತಾಗಿದ್ದು ಏನಂದ್ರೆ, ಆ ಸಾಮಾನೆಲ್ಲ ಉಪಯೋಗಕ್ಕೆ ಬರ್ಬೇಕಾದ್ರೆ ಮೊದ್ಲು ಆ ತಾಯಿ ಮನಸ್ಸಲ್ಲಿರೋ ಒಂದು ಭಯ ಇಳೀಬೇಕು, ಸುತ್ತ ಕೂತಿರೋ ಜನ ಏನಂದ್ಕೋತಾರೋ ಅನ್ನೋ ಭಯ.

ಬೋರ್ಡಿಂಗ್ ಟೈಮಲ್ಲೇ ಕಾಣತ್ತೆ ಅದು. ಮಗು ಎತ್ಕೊಂಡು ಬರೋರು ಸೀಟ್ ನಂಬರ್ ನೋಡೋಕ್ ಮುಂಚೆ ಆ ಸಾಲಲ್ಲಿ ಕೂತಿರೋರ ಮುಖ ನೋಡ್ತಾರೆ. ಮಗು ಇನ್ನೂ ಒಂದು ಸದ್ದೂ ಮಾಡಿರಲ್ಲ, ಲೈಟ್ ನೋಡ್ಕೊಂಡು ಸುಮ್ನಿರತ್ತೆ, ಅಷ್ಟರಲ್ಲೇ ಪಕ್ಕದವ್ರಿಗೆ ಸಾರಿ ಹೇಳಿ ಮುಗ್ಸಿರ್ತಾರೆ. ಈ ಸಂಕೋಚ ನೋಡೋಕೆ ಸಣ್ಣ ವಿಷ್ಯ ಅನ್ಸತ್ತೆ, ಆದ್ರೆ ಫ್ಲೈಟ್ ಒಳಗೆ ಮಕ್ಕಳ ವಿಷಯದಲ್ಲಿ ನಡೆಯೋ ಅಪಾಯದ ಕೆಲಸಗಳಲ್ಲಿ ಬಹಳಷ್ಟು ಇದರಿಂದ್ಲೇ ಹುಟ್ಟೋದು ಅಂತ ನನ್ನ ಅನುಭವ. ಮಗು ಕಿರುಚತ್ತೆ ಅಂತ ಇನ್ಫೆಂಟ್ ಬೆಲ್ಟ್ ಬಿಚ್ಚಿಡ್ತಾರೆ, ಬೆಲ್ಟ್ ಸೈನ್ ಆನ್ ಇದ್ರೂ ಎದ್ದು ಐಲ್‌ನಲ್ಲಿ, ಅಂದ್ರೆ ಸೀಟ್‌ಗಳ ಮಧ್ಯದ ದಾರೀಲಿ, ಓಡಾಡ್ಸ್ತಾರೆ, ಮಲಗ್ಲಿ ಅಂತ ಸಿರಪ್ ಕುಡ್ಸ್ಕೊಂಡ್ ಬರ್ತಾರೆ, ಹಾಲು ಕುಡ್ಸೋಕೆ ನಾಚ್ಕೊಂಡು ಇಳಿಯೋ ಹೊತ್ತಲ್ಲಿ ಮಗೂನ ಹಾಗೇ ಇಟ್ಕೊಂಡಿರ್ತಾರೆ. ಯಾರೂ ಬೇಕಂತ ಮಾಡೋದಲ್ಲ, ಪಕ್ಕದವ್ರಿಗೆ ತೊಂದ್ರೆ ಆಗ್ಬಾರ್ದು ಅನ್ನೋ ಒಳ್ಳೆತನದಿಂದ ಮಾಡೋದು, ಅದಕ್ಕೇ ನಂಗೆ ಇನ್ನೂ ಬೇಜಾರು.

ಹಂಗಾಗಿ ಬೆಲ್ಟ್ ಕೊಡೋಕ್ ಹೋದಾಗ ನಾನು ಮೊದ್ಲು ಹೇಳೋದು ಬೆಲ್ಟ್ ಬಗ್ಗೆ ಅಲ್ಲ. ಅಕ್ಕಪಕ್ಕದವ್ರಿಗೂ ಕೇಳ್ಸೋ ಥರ ಹೇಳ್ತೀನಿ, "ಮೇಡಂ, ಅತ್ರೆ ಅಳ್ಲಿ, ಮಕ್ಕಳು ಅಳೋದೇ, ಯಾರೂ ಏನೂ ಅನ್ಕೊಳಲ್ಲ. ಆದ್ರೆ ಈ ಬೆಲ್ಟ್ ಮಾತ್ರ ನಾನು ಹೇಳೋವರ್ಗೂ ಬಿಚ್ಬೇಡಿ." ಇದನ್ನ ಒಬ್ಬರು ಸೀನಿಯರ್ ಹತ್ರ ಕಲಿತಿದ್ದು, ಉಡುಪಿ ಕಡೆಯವ್ರು. ಅವ್ರು ಹೇಳೋರು, ಸಮಾಧಾನ ಆಗಿರೋ ತಾಯಿ ನಾವು ಹೇಳಿದ್ದು ಕೇಳ್ಸ್ಕೋತಾರೆ, ಗಾಬರಿ ಆಗಿರೋ ತಾಯಿಗೆ ನಾವು ಹೇಳಿದ್ದು ಕಿವಿಗೇ ಬೀಳಲ್ಲ ಅಂತ.

ಈಗ ಆ ಬೆಲ್ಟ್ ವಿಷ್ಯ. ಎರಡು ವರ್ಷ ತುಂಬದ ಮಗುಗೆ ಬೇರೆ ಸೀಟ್ ತಗೊಳ್ಳೋದು ಕಡ್ಡಾಯ ಇಲ್ಲ, ಮಡಿಲಲ್ಲಿ ಕೂರಿಸ್ಕೊಂಡು ಬರ್ಬೋದು. ನಾವು ಕೊಡೋ ಚಿಕ್ಕ ಬೆಲ್ಟ್‌ನಲ್ಲಿ ಒಂದು ಕುಣಿಕೆ ಇರತ್ತೆ, ಅದನ್ನ ದೊಡ್ಡವರ ಬೆಲ್ಟ್‌ಗೆ ಪೋಣಿಸಿ ಆಮೇಲೆ ಮಗು ಸೊಂಟಕ್ಕೆ ಬೇರೆಯಾಗಿ ಹಾಕೋದು. ಎಷ್ಟೋ ಜನ ಇದ್ಯಾಕೆ ರಗಳೆ ಅಂತ ತಮ್ಮ ಬೆಲ್ಟ್ ಒಳಗೇ ಮಗೂನೂ ಸೇರಿಸಿ ಕಟ್ಕೋತಾರೆ, ನೋಡೋಕೆ ಭದ್ರವಾಗೇ ಕಾಣತ್ತೆ, ಆದ್ರೆ ಜೋರಾಗಿ ಬ್ರೇಕ್ ಬಿದ್ರೆ ದೊಡ್ಡವರ ಪೂರ್ತಿ ಭಾರ ಮಗು ಮೇಲೆ ಬಂದು ಮಗು ಬೆಲ್ಟ್‌ಗೂ ಮೈಗೂ ಮಧ್ಯೆ ಸಿಕ್ಕಾಕ್ಕೊಳತ್ತೆ. ಗುಡ್ಡದ ತುದೀಲಿ ಕಟ್ಟಿರೋ, ಆಚೀಚೆ ಇಳಿಜಾರಿರೋ ಮಂಗಳೂರಿನ ಟೇಬಲ್‌ಟಾಪ್ ರನ್‌ವೇನಲ್ಲಿ ಇಳಿದಿರೋರಿಗೆ ಬ್ರೇಕ್ ಎಷ್ಟು ಜೋರಾಗಿ ಹಿಡಿಯತ್ತೆ ಅಂತ ಗೊತ್ತಿರತ್ತೆ. ಮಗೂನ ಎದೆಗೆ ಕಟ್ಕೊಳ್ಳೋ ಕ್ಯಾರಿಯರ್‌ನಲ್ಲೇ ಇಟ್ಕೋತೀನಿ ಅಂದ್ರೂ ಟೇಕಾಫ್ ಲ್ಯಾಂಡಿಂಗ್‌ಗೆ ನಾವು ತೆಗೆಸ್ತೀವಿ, ಅದು ಆ ಹೊಡೆತಕ್ಕೆ ಅಂತ ಮಾಡಿರೋದಲ್ಲ.

"ನಾನು ಗಟ್ಟಿಯಾಗ್ ಹಿಡ್ಕೋತೀನಿ ಬಿಡಮ್ಮ" ಅಂತ ಅಜ್ಜಿಯಂದ್ರು ಹೇಳ್ತಾರೆ, ಅವ್ರ ಪ್ರೀತಿ ನಂಗೆ ಅರ್ಥ ಆಗತ್ತೆ. ಆದ್ರೆ 2024ರ ಮೇ 21ರಂದು ಸಿಂಗಾಪುರ್ ಏರ್‌ಲೈನ್ಸ್‌ನ ಲಂಡನ್–ಸಿಂಗಾಪುರ ಫ್ಲೈಟ್ ಮ್ಯಾನ್ಮಾರ್ ಮೇಲೆ ಗಾಳಿಯ ಕುಲುಕಾಟಕ್ಕೆ, ಅಂದ್ರೆ ಟರ್ಬ್ಯುಲೆನ್ಸ್‌ಗೆ ಸಿಕ್ತಲ್ಲ, ಅದರ ಪ್ರಾಥಮಿಕ ತನಿಖೆಯಲ್ಲಿ ಬಂದ ಲೆಕ್ಕ ನೋಡಿ, 4.6 ಸೆಕೆಂಡಲ್ಲಿ 178 ಅಡಿ ಇಳೀತು. ಬೆಲ್ಟ್ ಹಾಕ್ಕೊಳ್ದೇ ಇದ್ದ ದೊಡ್ಡವ್ರೇ ಮೇಲಕ್ಕೆದ್ದು ಬಿದ್ರು. ಅಂಥ ಹೊತ್ತಲ್ಲಿ ಹತ್ತು ಕೆಜಿ ಮಗೂನ ಬರೀ ಕೈಯಲ್ಲಿ ಹಿಡ್ಕೊಳ್ಳೋಕೆ ಯಾರ ಕೈಲೂ ಆಗಲ್ಲ. ಬ್ಯಾಸಿನೆಟ್, ಅಂದ್ರೆ ಮುಂದಿನ ಗೋಡೆಗೆ ಸಿಕ್ಕಿಸೋ ತೊಟ್ಟಿಲು, ಸಿಕ್ಕಿದೆ ಅಂತ ದೊಡ್ಡ ವಿಮಾನದಲ್ಲಿ ಹೋಗೋರೂ ಇದನ್ನ ನೆನಪಿಟ್ಕೊಬೇಕು, ಬೆಲ್ಟ್ ಸೈನ್ ಬಂದ ತಕ್ಷಣ ಮಗೂನ ತೊಟ್ಟಿಲಿಂದ ಎತ್ಕೊಂಡು ಮಡಿಲಲ್ಲಿ ಬೆಲ್ಟ್ ಹಾಕ್ಬೇಕು, ಮಲ್ಗಿದ್ರೂ ಸರಿ. ಆ ತೊಟ್ಟಿಲು ಮಲಗೋ ಅನುಕೂಲಕ್ಕೆ, ರಕ್ಷಣೆಗಲ್ಲ.

ಹಾಗಂತ ಇನ್ಫೆಂಟ್ ಬೆಲ್ಟ್ ಇದ್ರೆ ಎಲ್ಲ ಆಯ್ತು ಅಂತಾನೂ ಹೇಳಲ್ಲ ನಾನು. ಯುರೋಪಲ್ಲಿ ಅದು ಕಡ್ಡಾಯ, ಅಮೆರಿಕದಲ್ಲಿ ಅದನ್ನ ಟೇಕಾಫ್ ಲ್ಯಾಂಡಿಂಗ್‌ಗೆ ಬಳಸೋಕೇ ಬಿಡಲ್ಲ, ಅಪಘಾತ ಆದ್ರೆ ದೊಡ್ಡವರ ದೇಹ ಮುಂದಕ್ಕೆ ಮಡಚಿ ಮಗು ಮೇಲೇ ಬೀಳತ್ತೆ ಅನ್ನೋದು ಅವ್ರ ವಾದ, ಅದೂ ನಿಜಾನೇ. ಅಲ್ಲಿಯ ಒಳಗಿನ ಫ್ಲೈಟ್‌ಗಳಲ್ಲಿ ಹೋಗಿ ಬಂದ ನಮ್ಮೋರು "ಬೆಲ್ಟೇ ಕೊಡ್ಲಿಲ್ಲ" ಅಂತ ಆಶ್ಚರ್ಯ ಪಡೋದು ಇದಕ್ಕೇ. ಅಲ್ಲಿ ಹೇಳೋದು ಮಗುಗೆ ಅದರದ್ದೇ ಸೀಟ್ ತಗೊಂಡು ವಿಮಾನಕ್ಕೆ ಒಪ್ಪೋ ಕಾರ್ ಸೀಟ್ ಕಟ್ಟಿ ಅಂತ, ಹೇಳ್ತಾರೆ ಆದ್ರೆ ಕಡ್ಡಾಯ ಮಾಡಿಲ್ಲ. ಇದನ್ನ ಕಡ್ಡಾಯ ಮಾಡಿ ಅಂತ ದಶಕಗಳ ಕಾಲ ಓಡಾಡಿದ್ದು ನಮ್ಮ ಕೆಲಸದವ್ರೇ ಒಬ್ಬರು, ಜ್ಯಾನ್ ಬ್ರೌನ್. 1989ರ ಜುಲೈ 19ರಂದು ಯುನೈಟೆಡ್ ಏರ್‌ಲೈನ್ಸ್‌ನ ಫ್ಲೈಟ್ 232, ಒಂದು ಡಿಸಿ-10 ವಿಮಾನ, ಅಮೆರಿಕದ ಅಯೋವಾದ ಸೂ ಸಿಟಿಲಿ ಅಪ್ಪಳಿಸಿದಾಗ ಅದರ ಮುಖ್ಯ ಅಟೆಂಡೆಂಟ್ ಅವ್ರು. ಆ ವಿಮಾನದಲ್ಲಿ ದೊಡ್ಡವರ ಮಡಿಲಲ್ಲಿ ನಾಲ್ಕು ಮಕ್ಕಳಿದ್ವು. ಅವತ್ತಿನ ನಿಯಮ ಇದ್ದಿದ್ದು ಮಕ್ಕಳನ್ನ ತಾಯಿ ಕಾಲ ಹತ್ರ ನೆಲದ ಮೇಲೆ ಮಲಗಿಸಿ ಹಿಡ್ಕೊಳ್ಳಿ ಅಂತ, ಅವ್ರು ಹಾಗೇ ಹೇಳಿದ್ರು, ಒಂದು ಮಗು ಉಳೀಲಿಲ್ಲ. ಯೂನಿಫಾರ್ಮ್ ಹಾಕೋ ಪ್ರತಿಯೊಬ್ಬರೂ ಇದನ್ನ ಓದ್ಬೇಕು ಅನ್ಸತ್ತೆ ನಂಗೆ. ಕೈಲಾಗೋರು ಮಗುಗೂ ಒಂದು ಸೀಟ್ ತಗೊಳ್ಳಿ, ಯಾವ ಕಾರ್ ಸೀಟ್ ಒಪ್ತಾರೆ ಅಂತ ಏರ್‌ಲೈನ್‌ಗೆ ಮುಂಚೇನೇ ಕೇಳಿ. ಕೈಲಾಗದೇ ಇರೋರಿಗೆ ಬೆಲ್ಟ್ ಇದೆ, ಅದನ್ನ ಪೂರ್ತಿ ಹೊತ್ತು ಹಾಕ್ಕೊಳ್ಳಿ.

ಮತ್ತೊಂದು ವಿಷ್ಯಕ್ಕೆ ಜಗಳ ಆಗ್ತಾನೇ ಇರತ್ತೆ. ಇಬ್ಬರು ಅಕ್ಕತಂಗೀರು, ಇಬ್ಬರ ಮಡಿಲಲ್ಲೂ ಒಂದೊಂದು ಮಗು, ಒಂದೇ ಸಾಲಲ್ಲಿ ಒಂದೇ ಕಡೆ ಕೂರ್ತೀವಿ ಅಂತಾರೆ. ನಾವು ಬಿಡಲ್ಲ, ಕ್ರೂ ಕಟುಕರು ಅಂತ ಬೈತಾರೆ. ಕಾರಣ ತಲೆ ಮೇಲಿದೆ, ಎ320ಲ್ಲಿ ಒಂದು ಕಡೆಯ ಮೂರು ಸೀಟಿಗೆ ನಾಲ್ಕು ಆಕ್ಸಿಜನ್ ಮಾಸ್ಕ್, ಅಂದ್ರೆ ಮಡಿಲ ಮಗು ಒಂದಕ್ಕೆ ಮಾತ್ರ ಜಾಸ್ತಿ ಇರೋದು. ಇನ್ನೊಂದು ಮಗು ಕೂತ್ರೆ ಯಾರೋ ಒಬ್ರಿಗೆ ಮಾಸ್ಕ್ ಇಲ್ಲ. ಈ ಕಾರಣ ಹೇಳಿದ್ರೆ ಜಗಳ ಅಲ್ಲೇ ನಿಲ್ಲತ್ತೆ, ಬರೀ "ರೂಲ್ಸ್ ಮೇಡಂ" ಅಂದ್ರೆ ಲ್ಯಾಂಡಿಂಗ್‌ವರ್ಗೂ ಎಳೆಯತ್ತೆ. ಹಾಗೇ ಮಾಸ್ಕ್ ಬಿದ್ರೆ ಮೊದ್ಲು ನಿಮ್ಮದು ಹಾಕ್ಕೊಂಡು ಆಮೇಲೆ ಮಗೂದು ಅಂತ ಯಾಕೆ ಹೇಳ್ತೀವಿ ಅಂದ್ರೆ, 35,000 ಅಡಿ ಎತ್ತರದಲ್ಲಿ ಕ್ಯಾಬಿನ್ ಪ್ರೆಶರ್ ಹೋದ್ರೆ ಸರಿಯಾಗಿ ಯೋಚನೆ ಮಾಡಿ ಕೈ ಆಡ್ಸೋಕೆ ಸಿಗೋದು ಮೂವತ್ತರಿಂದ ಅರವತ್ತು ಸೆಕೆಂಡ್ ಅಷ್ಟೆ, ಮಗು ಕೊಸರಾಡ್ತಾ ಇದ್ರೆ ಅದರ ಮಾಸ್ಕ್ ಹಾಕೋದ್ರಲ್ಲೇ ಅದು ಮುಗಿದು ಹೋಗತ್ತೆ, ತಾಯಿ ಎಚ್ಚರ ತಪ್ಪಿದ್ರೆ ಮಗೂನ ನೋಡ್ಕೊಳ್ಳೋರು ಯಾರು.

ಅಳು ಜಾಸ್ತಿ ಆಗೋದು ಇಳಿಯೋವಾಗ. ವಿಮಾನ ಎಷ್ಟೇ ಎತ್ತರದಲ್ಲಿದ್ರೂ ಒಳಗಿನ ಗಾಳಿ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಇರತ್ತೆ, ಇಳೀತಾ ಇಳೀತಾ ಅದು ಜಾಸ್ತಿ ಆಗತ್ತೆ. ಮೇಲೆ ನೀರು ಕುಡಿದು ಮುಚ್ಚಳ ಹಾಕಿಟ್ಟ ಬಾಟ್ಲಿ ಕೆಳಗೆ ಬಂದಾಗ ನಜ್ಜುಗುಜ್ಜಾಗಿರತ್ತಲ್ಲ, ಕಿವಿ ತಮಟೆಯ ಹಿಂದೆ ಆಗೋದೂ ಅದೇ. ಆ ಒತ್ತಡ ಸರಿಹೋಗೋದು ಕಿವಿಯಿಂದ ಗಂಟಲ ಹಿಂಭಾಗಕ್ಕೆ ಇರೋ ಒಂದು ಸಣ್ಣ ನಾಳದಿಂದ, ನಾವು ನುಂಗಿದಾಗ, ಆಕಳಿಸಿದಾಗ ಅದು ತೆರೆಯತ್ತೆ. ಮಕ್ಕಳಲ್ಲಿ ಆ ನಾಳ ಸಣ್ಣದು, ಕಿರಿದು, ಹೆಚ್ಚುಕಮ್ಮಿ ಅಡ್ಡಡ್ಡವಾಗಿರತ್ತೆ, ನೆಗಡಿ ಇದ್ರಂತೂ ಕಟ್ಕೊಂಡಿರ್ಬೋದು. ಏರೋವಾಗ ಒಳಗಿನ ಗಾಳಿ ತಾನಾಗೇ ಹೊರಗೆ ಬರತ್ತೆ, ಇಳಿಯೋವಾಗ ಹೊರಗಿಂದು ಒಳಗೆ ಹೋಗೋದು ಕಷ್ಟ. ಅದಕ್ಕೇ ಟೇಕಾಫ್‌ಗೆ ಹಾಲು ಖಾಲಿ ಮಾಡಿ ಲ್ಯಾಂಡಿಂಗ್‌ಗೆ ಏನೂ ಉಳಿಸ್ಕೊಳ್ದೇ ಇರೋರ್ನ ನೋಡಿದ್ರೆ ನಂಗೆ ಸಂಕಟ ಆಗತ್ತೆ. ಮೊದ್ಲೇ ಹೇಳ್ತೀನಿ, ಅರ್ಧ ಆಮೇಲಕ್ಕಿರ್ಲಿ ಅಂತ.

ವಿಮಾನ ಇಳಿಯೋಕೆ ಶುರು ಮಾಡೋದು ಸಾಮಾನ್ಯವಾಗಿ ನೆಲ ಮುಟ್ಟೋ ಅರ್ಧ ಗಂಟೆ ಮುಂಚೆ, ನೀವು ಕೇಳ್ಸ್ಕೊಳ್ಳೋ ಲ್ಯಾಂಡಿಂಗ್ ಅನೌನ್ಸ್‌ಮೆಂಟ್ ಅದಾದ್ಮೇಲೆ ಬರ್ಬೋದು. "ಡಿಸೆಂಟ್ ಶುರುವಾದಾಗ ಒಂದ್ ಮಾತು ಹೇಳಿ" ಅಂತ ನಮ್ಗೆ ಹೇಳಿಡಿ, ನಾವು ಬಂದು ಹೇಳ್ತೀವಿ. ಆಗ ಮಗು ಮಲ್ಗಿದ್ರೆ ಎಬ್ಬಿಸಿ. ಮಲಗಿರೋ ಮಗೂನ ಎಬ್ಬಿಸ್ಬಾರ್ದು ಅಂತ ಮನೇಲಿ ಹಿರಿಯರು ಹೇಳೋದು ಮನೇಲಿ ಸರಿ, ಇಲ್ಲಿ ನಿದ್ದೇಲಿ ನುಂಗೋದು ಕಡಿಮೆ, ಕಿವಿ ಕಟ್ಕೊಂಡು ನೋವಾಗಿ ಒಮ್ಮೆಲೇ ಕಿರುಚ್ಕೊಂಡು ಏಳತ್ತೆ. ಎದೆಹಾಲು, ಬಾಟ್ಲಿ, ನೀರಿನ ಸಿಪ್ಪರ್, ಪ್ಯಾಸಿಫೈಯರ್, ಯಾವುದಾದ್ರೂ ಸರಿ, ಚೀಪಿ ನುಂಗ್ತಾ ಇರ್ಬೇಕು. ಅಳೋದ್ರಿಂದ್ಲೂ ಕಿವಿ ಸ್ವಲ್ಪ ತೆರ್ಕೊಳತ್ತೆ, ಅಂದ್ರೆ ಆ ಅಳು ಹಠ ಅಲ್ಲ. ನೆಗಡಿ ಜೋರಾಗಿದ್ರೆ, ಕಿವಿ ಸೋಂಕಿದ್ರೆ ಹೊರಡೋಕ್ ಮುಂಚೆ ಡಾಕ್ಟರ್‌ಗೆ ತೋರಿಸ್ಲೇಬೇಕು.

ಎದೆಹಾಲು ಅಂದ ತಕ್ಷಣ ನೆನಪಾಗೋದು ಗಲ್ಫ್ ಫ್ಲೈಟ್‌ಗಳು. ಬಾಣಂತನ ಮುಗಿಸ್ಕೊಂಡು ತವರಿಂದ ಗಂಡ ಇರೋ ಕಡೆಗೆ ಐದಾರು ತಿಂಗಳ ಮಗು ಎತ್ಕೊಂಡು ಒಬ್ಬರೇ ಹೋಗೋ ಹೆಣ್ಮಕ್ಕಳು, ಎಷ್ಟೋ ಸಲ ಅದೇ ಅವ್ರ ಮೊದಲ ವಿಮಾನ ಪ್ರಯಾಣ, ಸಿಕ್ಕಿರೋದು ಮಧ್ಯದ ಸೀಟ್, ಆ ಕಡೆ ಈ ಕಡೆ ಗೊತ್ತಿಲ್ದಿರೋ ಗಂಡಸ್ರು. ಮಗು ಹಸಿವಿಂದ ಅಳ್ತಿದ್ರೂ ಸೆರಗು ಬಿಗಿ ಮಾಡ್ಕೊಂಡು ಕೂತಿರ್ತಾರೆ, ಕೇಳಿದ್ರೆ "ಪರ್ವಾಗಿಲ್ಲ ಅಕ್ಕ, ಇಳಿದ್ಮೇಲೆ ಕೊಡ್ತೀನಿ" ಅಂತಾರೆ. ಇಲ್ಲಿ ಕಾಯಕೂಡದು, ನಾವೇ ಸೀಟ್ ಬದ್ಲಾಯಿಸ್ಕೊಡ್ಬೇಕು. ಕಿಟಕಿ ಕಡೆಯವ್ರನ್ನ ಕೇಳಿದ್ರೆ ಬಹಳಷ್ಟು ಜನ ಎರಡನೇ ಮಾತಿಲ್ದೆ ಎದ್ದು ಕೊಡ್ತಾರೆ, ನಮ್ಮ ಜನ ಈ ವಿಷ್ಯದಲ್ಲಿ ಒಳ್ಳೆಯವ್ರು. ಕಿಟಕಿ ಸೀಟಲ್ಲಿ ಆ ಕಡೆ ತಿರುಗಿ ದುಪಟ್ಟಾ ಹಾಕ್ಕೊಂಡ್ರೆ ಅಲ್ಲಿಗೆ ಮುಗೀತು. ಬುಕಿಂಗ್ ಮಾಡ್ಕೊಡೋ ಅಣ್ಣತಮ್ಮಂದ್ರಿಗೆ, ಗಂಡಂದ್ರಿಗೆ ನನ್ನ ವಿನಂತಿ, ಸೀಟ್‌ಗೆ ಸ್ವಲ್ಪ ದುಡ್ಡು ಹೋದ್ರೂ ಕಿಟಕಿ ಸೀಟೇ ತಗೊಳ್ಳಿ.

ಬಾಟ್ಲಿ ಹಾಲಾದ್ರೆ ಬಿಸಿ ಮಾಡೋಕೆ ನಮ್ಮ ಗ್ಯಾಲಿಲಿ (ವಿಮಾನದ ಅಡುಗೆ ಜಾಗ) ಮೈಕ್ರೋವೇವ್ ಇರಲ್ಲ, ಕಪ್‌ಗೆ ಬಿಸಿನೀರು ಹಾಕಿ ಅದರಲ್ಲಿ ಬಾಟ್ಲಿ ಇಟ್ಟು ಕೊಡ್ತೀವಿ, ಟೈಮ್ ಹಿಡಿಯತ್ತೆ, ಹಸಿವಾಗೋಕ್ ಮುಂಚೇನೇ ಕೇಳಿ. ಹಾಲಿನ ಪುಡಿ ಕಲ್ಸೋಕೆ ಮನೆಯಿಂದ ಕುದಿಸಿ ತಂದ ನೀರು ಫ್ಲಾಸ್ಕಲ್ಲಿದ್ರೆ ಒಳ್ಳೇದು. ಮಗೂಗೆ ಬೇಕಾದ ಹಾಲು, ಆಹಾರವನ್ನ ಪ್ರಯಾಣಕ್ಕೆ ಬೇಕಾಗೋವಷ್ಟು ಸೆಕ್ಯೂರಿಟಿಲಿ ಬಿಡ್ತಾರೆ, ಅಲ್ಲಿ ಬ್ಯಾಗಿಂದ ತೆಗ್ದು ತೋರಿಸಿ ಅಷ್ಟೆ. ಬಿಸಿ ಅಂದಾಗ ಇನ್ನೊಂದು, ಮಡಿಲಲ್ಲಿ ಮಗು ಇರೋರ ಸಾಲಿಗೆ ಟೀ ಕಾಫಿ ಕೊಡ್ಬೇಕಾದ್ರೆ ನಾನು ಕಪ್‌ನ ಮಗು ಮೇಲಿಂದ ದಾಟ್ಸಲ್ಲ, ಮುಚ್ಚಳ ಇಲ್ದೆ ಕೊಡಲ್ಲ, ಪಕ್ಕದವ್ರಿಗೂ ಹೇಳ್ತೀನಿ ಸ್ವಲ್ಪ ಆ ಕಡೆ ಇಟ್ಕೊಳ್ಳಿ ಅಂತ. ಮಗು ಕೈ ಎಲ್ಲಿಗೆ ಹೋಗತ್ತೆ ಅಂತ ಹೇಳೋಕಾಗಲ್ಲ. ಹೊಸದಾಗಿ ಸೇರಿರೋ ಹುಡುಗ ಹುಡುಗೀರಿಗೆ ನಾನು ಬ್ರೀಫಿಂಗಲ್ಲಿ ತಪ್ಪದೇ ಹೇಳೋ ಮಾತು ಇದು.

ಸಿರಪ್ ವಿಷ್ಯ ಸ್ವಲ್ಪ ಖಾರವಾಗೇ ಹೇಳ್ತೀನಿ. ಮಗು ಮಲಗ್ಲಿ ಅಂತ ನೆಗಡಿ ಸಿರಪ್ ಕುಡ್ಸೋದು ದಯವಿಟ್ಟು ಬಿಡಿ. ಕೆಲವು ಮಕ್ಕಳಿಗೆ ಅದು ನಿದ್ದೆ ಬದ್ಲು ಉಲ್ಟಾ ಚಡಪಡಿಕೆ ತರತ್ತೆ, ಡೋಸ್ ಹೆಚ್ಚಾದ್ರೆ ಉಸಿರಾಟಕ್ಕೇ ತೊಂದ್ರೆ ಆಗ್ಬೋದು, ಆಕಾಶದಲ್ಲಿ ಆಸ್ಪತ್ರೆ ಇಲ್ಲ. ನೆಗಡಿ ಸಿರಪ್‌ಗಳಲ್ಲಿ ಸಿಗೋ ಕ್ಲೋರ್‌ಫೆನಿರಮೈನ್ ಮತ್ತೆ ಫಿನೈಲ್‌ಎಫ್ರಿನ್ ಜೋಡಿನ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡ್ಬಾರ್ದು ಅಂತ ಲೇಬಲ್ ಮೇಲೇ ಹಾಕಿ ಅಂತ 2023ರ ಡಿಸೆಂಬರ್‌ನಲ್ಲಿ ನಮ್ಮ ದೇಶದ ಔಷಧ ನಿಯಂತ್ರಣದವ್ರೇ ಹೇಳಿದ್ದಾರೆ. ಪಕ್ಕದ ಸೀಟಿನವ್ರ ನಿದ್ದೆಗೋಸ್ಕರ ನಿಮ್ಮ ಮಗುಗೆ ಔಷಧಿ ಕೊಡೋ ಅಗತ್ಯ ಯಾರಿಗೂ ಇಲ್ಲ.

ಇನ್ನು ಆ ಪಕ್ಕದ ಸೀಟಿನವ್ರು. ಕಂಪ್ಲೇಂಟ್ ಮಾಡೋರು ಇದ್ದೇ ಇರ್ತಾರೆ, ಕೆಲವ್ರು ತಾಯಿಗೆ ಕೇಳ್ಸೋ ಹಾಗೇ "ಎಷ್ಟೊತ್ತು ಅಳ್ಸ್ತಾರೆ" ಅಂತಾರೆ. ನಾನು ಅವ್ರ ಜೊತೆ ವಾದ ಮಾಡಲ್ಲ, ಇಯರ್‌ಪ್ಲಗ್ ಇದ್ರೆ ಕೊಡ್ತೀನಿ, ಸೀಟ್ ಖಾಲಿ ಇದ್ರೆ ಅವ್ರನ್ನೇ ಹಿಂದೆ ಕಳಿಸ್ತೀನಿ, ಹೋಗೋದು ಅವ್ರು, ತಾಯಿ ಅಲ್ಲ. ಕಿವಿ ನೋವಿಂದ ಅಳ್ತಿದೆ ಸರ್, ಇಳಿದ್ಮೇಲೆ ಸರಿಹೋಗತ್ತೆ ಅಂತ ಕಾರಣ ಹೇಳಿದ್ರೆ ಅರ್ಧ ಜನ ಮೆತ್ತಗಾಗ್ತಾರೆ. ಅದೇ ಸಾಲಲ್ಲಿ ಯಾರಾದ್ರೂ ಒಬ್ರು ವಯಸ್ಸಾದವ್ರು "ಕೊಡಮ್ಮ, ಬ್ಯಾಗ್ ನಾನ್ ಹಿಡ್ಕೋತೀನಿ" ಅಂದ್ಬಿಟ್ರೆ ಆ ತಾಯಿ ಹೆಗಲು ಕೆಳಗಿಳಿಯೋದು ನಂಗೆ ಐಲ್‌ನಿಂದ್ಲೇ ಕಾಣತ್ತೆ.

ಕೊನೇದಾಗಿ ಬುಕಿಂಗ್ ಬಗ್ಗೆ, ಯಾಕಂದ್ರೆ ಇದು ಬಹಳ ಜನಕ್ಕೆ ತಿಳಿದಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಆದೇಶ ಮಾಡಿದೆ, ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ನಂಬರ್) ಇರೋ 12 ವರ್ಷದವರೆಗಿನ ಮಕ್ಕಳಿಗೆ ಅಪ್ಪ ಅಮ್ಮ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗಾದ್ರೂ ಸೀಟ್ ಕೊಡ್ಬೇಕು ಅಂತ. ಹಂಗಾಗಿ ಟಿಕೆಟ್ ಬೇರೆ ಬೇರೆಯಾಗಿ ಮಾಡ್ಬೇಡಿ, ಆದ್ರೂ ಬೇರೆ ಬೇರೆ ಕಡೆ ಬಂದ್ರೆ ಚೆಕ್-ಇನ್ ಕೌಂಟರಲ್ಲೇ ಆ ಆದೇಶ ನೆನಪಿಸಿ ಸರಿ ಮಾಡಿಸ್ಕೊಳ್ಳಿ, ಒಳಗೆ ಬಂದ್ಮೇಲೆ ನಮ್ಮ ಕೈಲಿ ಇರೋದು ಕಡಿಮೆ. ಮಗು ಹುಟ್ಟಿದ ದಿನಾಂಕದ ದಾಖಲೆ ಇಟ್ಕೊಂಡಿರಿ, ವಾಪಸ್ ಬರೋಷ್ಟರಲ್ಲಿ ಎರಡು ವರ್ಷ ತುಂಬೋದಾದ್ರೆ ಆ ಕಡೆಯಿಂದ ಸೀಟ್ ಟಿಕೆಟ್ ಬೇಕು. ಪ್ರ್ಯಾಮ್ (ಮಗು ತಳ್ಳೋ ಗಾಡಿ) ವಿಮಾನದ ಬಾಗಿಲಲ್ಲಿ ಸಿಗತ್ತಾ ಲಗೇಜ್ ಬೆಲ್ಟ್ ಹತ್ರ ಸಿಗತ್ತಾ ಅಂತ ಹೊರಡೋ ಊರಲ್ಲೇ ಕೇಳಿ, ಬಸ್ ಹತ್ತಿ ಹೋಗ್ಬೇಕಾದ ಕಡೆ ಮೆಟ್ಟಿಲು ಇಳಿಯೋಕೆ ಒಂದು ಕೈ ಖಾಲಿ ಇರ್ಬೇಕು. ಬ್ಯಾಗ್ ಜಾಸ್ತಿ ಇದ್ರೆ ಕೂತಿರಿ, ಎಲ್ರೂ ಇಳಿದ್ಮೇಲೆ ನಮ್ಮಲ್ಲೊಬ್ರು ಕೆಳಗಿನ ತನಕ ತಂದು ಕೊಡ್ತೀವಿ.