ಪೈಪು ಪ್ಲಾಸ್ಟಿಕ್ಕು, ಬಾಕ್ಸು ಕಬ್ಬಿಣದ್ದು: ಅರ್ಥಿಂಗ್ ಎಲ್ಲಿಂದ?

ಗೋಡೆಯೊಳಗೆ ಪಿವಿಸಿ ಪೈಪು, ಸ್ವಿಚ್ ಬೋರ್ಡಿನ ಜಾಗಕ್ಕೆ ಜಿಐ, ಅಂದರೆ ಸತುವಿನ ಲೇಪದ ಕಬ್ಬಿಣದ ಬಾಕ್ಸು. ಈಗ ಬಹುತೇಕ ಮನೆಗಳ ವೈರಿಂಗ್ ಇದೇ. ಪ್ಲೇಟು ಬಿಚ್ಚಿ ನೋಡಿದರೆ ಅರ್ಥಿನ ಹಸಿರು ವೈರು ಪ್ಲಗ್ ಪಾಯಿಂಟಿನ ಮೂರನೇ ತೂತಿನ ಟರ್ಮಿನಲ್‌ಗೆ ಹೋಗಿ ಅಲ್ಲೇ ಮುಗಿದಿರುವುದು ಎಷ್ಟೋ ಕಡೆ ಕಾಣುತ್ತದೆ. ಸುತ್ತ ಇರುವ ಬಾಕ್ಸಿಗೆ ಏನೂ ಇಲ್ಲ. ಅದಕ್ಕೆಂದೇ ಕೊಟ್ಟ ಅರ್ಥ್ ಸ್ಕ್ರೂ ಸಿಮೆಂಟು ಮೆತ್ತಿಕೊಂಡು ಕೂತಿರುತ್ತದೆ.

ಕಪ್ಪು ಬಣ್ಣದ ಸ್ಟೀಲ್ ಪೈಪಿನ ಕಾಲದಲ್ಲಿ ಈ ತಾಪತ್ರಯ ಕಡಿಮೆ ಇತ್ತು. ಪೈಪು, ಬೆಂಡು, ಬಾಕ್ಸು ಎಲ್ಲ ಥ್ರೆಡ್ ಹಾಕಿ ಬಿಗಿದ ಒಂದೇ ಲೋಹದ ಸರಪಳಿ. ಮೇನ್ ಬೋರ್ಡಿನಲ್ಲಿ ಅದನ್ನು ಅರ್ಥಿಗೆ ಕಟ್ಟಿದರೆ ಕೊನೆಯ ಬಾಕ್ಸಿನವರೆಗೂ ಅರ್ಥ್ ಮುಟ್ಟುತ್ತಿತ್ತು. ಪಿವಿಸಿ ಬಂದಮೇಲೆ ಪೈಪು ತುಕ್ಕು ಹಿಡಿಯುವುದಿಲ್ಲ, ಶಾಕ್ ಹೊಡೆಯುವುದಿಲ್ಲ, ಎಲ್ಲ ಸರಿ. ಆದರೆ ನಡುನಡುವೆ ಬರುವ ಕಬ್ಬಿಣದ ಬಾಕ್ಸುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಒಂಟಿಯಾಗಿ ಉಳಿದವು. ಪ್ರತಿಯೊಂದಕ್ಕೂ ವೈರಿನಲ್ಲೇ ಅರ್ಥ್ ಕೊಡಬೇಕು, ಬೇರೆ ದಾರಿಯಿಲ್ಲ.

“ಪ್ಲೇಟು ಪ್ಲಾಸ್ಟಿಕ್ ತಾನೇ, ಬಾಕ್ಸು ಯಾರ ಕೈಗೆ ಸಿಗುತ್ತೆ?” ಎಂಬ ವಾದ ಸೈಟಿನಲ್ಲಿ ದಿನಾ ಕೇಳುವಂಥದ್ದು. ಸಿಗುತ್ತದೆ. ಪ್ಲೇಟಿನ ಎರಡು ಸ್ಕ್ರೂಗಳು ನೇರವಾಗಿ ಬಾಕ್ಸಿನ ಅಂಚಿನ ತೂತುಪಟ್ಟಿಗೇ, ಅಂದರೆ ಕಿವಿಗೇ ಬಿಗಿದಿರುತ್ತವೆ. ಪೇಂಟರ್ ಮೇಲಿನ ಕವರ್ ತೆಗೆದ ಕೂಡಲೇ ಆ ಸ್ಕ್ರೂಗಳ ತಲೆ ಅವನ ಬೆರಳಿಗೆ ಸಿಗುತ್ತದೆ. ಮಳೆಗಾಲದಲ್ಲಿ ಗೋಡೆ ತೇವ ಕುಡಿದಿದ್ದರೆ ಬಾಕ್ಸಿನಲ್ಲಿರುವ ಕರೆಂಟು ಗೋಡೆಗೂ ಇಳಿಯಬಹುದು.

ಫೇಸ್ ವೈರು ಬಾಕ್ಸಿಗೆ ತಾಗುವುದು ಹೆಚ್ಚಾಗಿ ಎರಡು ಜಾಗದಲ್ಲಿ. ಒಂದು, ಪೈಪು ಒಳಬರುವ ನಾಕೌಟ್ ತೂತಿನ ಅಂಚು. ಅಂಚು ಮುಚ್ಚುವ ಬುಷ್ ಹಾಕದೆ ಪೈಪನ್ನು ಸುಮ್ಮನೆ ತೂರಿಸಿದ್ದರೆ, ವೈರು ಎಳೆಯುವಾಗ ಆ ತಗಡು ಬ್ಲೇಡಿನಂತೆ ಸಿಪ್ಪೆ ಕೆರೆಯುತ್ತದೆ. ಇನ್ನೊಂದು, ಪ್ಲೇಟಿನ ಉದ್ದ ಸ್ಕ್ರೂ. ಬಾಕ್ಸಿನ ತುಂಬ ವೈರು ತುರುಕಿ ಪ್ಲೇಟು ಒತ್ತಿ ಹಿಡಿದು ಸ್ಕ್ರೂ ತಿರುಗಿಸಿದರೆ ಅದರ ತುದಿ ಹಿಂದಿನ ವೈರನ್ನೇ ಚುಚ್ಚುತ್ತದೆ.

ಹಾಗೆ ತಾಗಿದಾಗ ಬಾಕ್ಸಿಗೆ ಅರ್ಥ್ ಇಲ್ಲದಿದ್ದರೆ ಕರೆಂಟು ಹರಿಯಲು ದಾರಿಯಿಲ್ಲ, ಹಾಗಾಗಿ ಕರೆಂಟು ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಎಂಸಿಬಿ, ಬೀಳುವುದಿಲ್ಲ. ಬಾಕ್ಸು 230 ವೋಲ್ಟಿನಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಕರೆಂಟು ಸೋರಿದರೆ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೂ ಅದು ಬೀಳುವುದು ಯಾರೋ ಮುಟ್ಟಿ, ಅವರ ಮೈಮೂಲಕ ಕರೆಂಟು ಹರಿದಾಗ. ಅರ್ಥ್ ಇದ್ದರೆ ವೈರು ತಾಗಿದ ಕ್ಷಣವೇ ಬೀಳುತ್ತದೆ. ಇನ್ನು ಆರ್‌ಸಿಸಿಬಿ ಬಿಟ್ಟು ಬರೀ ಅರ್ಥನ್ನೇ ನಂಬುವುದೂ ಸರಿಯಲ್ಲ. ಮನೆಯ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 5 ಓಮ್ ಇದೆ ಎನ್ನಿ: 230ನ್ನು 5ರಿಂದ ಭಾಗಿಸಿದರೆ 46 ಆಂಪ್. 10 ಆಂಪಿನ ಸಿ ಕರ್ವ್ ಎಂಸಿಬಿ ತಕ್ಷಣ ಬೀಳಲು 50ರಿಂದ 100 ಆಂಪ್ ಬೇಕು, 46 ಸಾಲದು. ಎರಡೂ ಇರಲೇಬೇಕು.

ಕೆಲಸ ಮಾಡುವ ಕ್ರಮ ಇಷ್ಟು. ಡಿಬಿಯ (ಎಂಸಿಬಿಗಳಿರುವ ಡಿಸ್ಟ್ರಿಬ್ಯೂಷನ್ ಬೋರ್ಡು) ಅರ್ಥ್ ಬಾರಿನಿಂದ, ಅಂದರೆ ಅರ್ಥ್ ವೈರುಗಳೆಲ್ಲ ಸೇರುವ ಲೋಹದ ಪಟ್ಟಿಯಿಂದ, ಪ್ರತಿ ಸರ್ಕ್ಯೂಟಿನ ಜೊತೆ ಹಸಿರು ಅಥವಾ ಹಸಿರು-ಹಳದಿ ವೈರು ಬರಲಿ. ಫೇಸ್ ವೈರಿನ ಗಾತ್ರವೇ ಅದಕ್ಕೂ ಇರಲಿ: ಲೈಟಿಗೆ 1.5, 16 ಆಂಪ್ ಪ್ಲಗ್ಗಿಗೆ 2.5, ಎಸಿ ಮತ್ತು ಗೀಸರಿಗೆ 4 ಸ್ಕ್ವೇರ್ ಎಂಎಂ. ಬಾಕ್ಸಿನೊಳಗೆ ಬಂದ ವೈರು, ಮುಂದೆ ಹೋಗುವ ವೈರು, ಪ್ಲಗ್ಗಿಗೆ ಒಂದು ತುಂಡು, ಬಾಕ್ಸಿಗೆ ಒಂದು ತುಂಡು, ಈ ನಾಲ್ಕನ್ನೂ ಒಂದೇ ಕನೆಕ್ಟರಿನಲ್ಲಿ ಸೇರಿಸಿ. ಪ್ಲಗ್ಗಿನ ಟರ್ಮಿನಲ್ ಮೂಲಕವೇ ಮುಂದಿನ ಬಾಕ್ಸಿಗೆ ಅರ್ಥ್ ದಾಟಿಸಿದರೆ, ನಾಳೆ ಆ ಪ್ಲಗ್ಗು ಬದಲಿಸುವವನು ವೈರು ಬಿಟ್ಟನೆಂದರೆ ಮುಂದಿನ ಸಾಲೆಲ್ಲ ಅರ್ಥ್ ಕಳೆದುಕೊಳ್ಳುತ್ತದೆ.

ಬಾಕ್ಸಿನ ತುಂಡು 15–20 ಸೆಂಟಿಮೀಟರ್ ಸಾಕು. ತುದಿಗೆ ತವರದ ಲೇಪದ ರಿಂಗ್ ಲಗ್ (ಸ್ಕ್ರೂ ತೂರುವ ಉಂಗುರದ ತುದಿ) ಹಾಕಿ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿ. ಕಟಿಂಗ್ ಪ್ಲೇಯರಿನಲ್ಲಿ ಚಪ್ಪಟೆ ಮಾಡಿದ ಲಗ್ಗನ್ನು ಎಳೆದರೆ ವೈರು ಕೈಗೇ ಬರುತ್ತದೆ. ಸ್ಕ್ರೂ ಹಿತ್ತಾಳೆಯದ್ದಾಗಿರಲಿ, ಲಗ್ಗಿನ ಜೊತೆ ಹಲ್ಲಿರುವ ಸ್ಟಾರ್ ವಾಷರ್ ಇರಲಿ. ಬೋಳು ತಾಮ್ರವನ್ನು ಜಿಐ ತಗಡಿಗೆ ನೇರ ಸುತ್ತಿ ಬಿಗಿದರೆ ತೇವದ ಗೋಡೆಯಲ್ಲಿ ಎರಡು ಲೋಹಗಳ ಜಗಳ ಶುರು. ಸತುವು ಕರಗಿ, ಬಿಳಿ ಪುಡಿ ಎದ್ದು, ಜಾಯಿಂಟು ಸಡಿಲವಾಗುತ್ತದೆ. ಪೌಡರ್ ಕೋಟಿಂಗ್ ಇರುವ ಬಾಕ್ಸಾದರೆ ಲಗ್ಗು ಕೂರುವಷ್ಟು ಜಾಗದ ಬಣ್ಣ ಕೆರೆಯಬೇಕು. ಜಿಐ ಬಾಕ್ಸನ್ನು ಮಾತ್ರ ಉಜ್ಜಬೇಡಿ, ಸತುವು ಹೋದರೆ ತುಕ್ಕು ಗ್ಯಾರಂಟಿ. ಈ ತುಂಡನ್ನು ಬಾಕ್ಸು ಗೋಡೆಗೆ ಹೋಗುವ ಮುಂಚೆಯೇ ಕಟ್ಟಿಬಿಡುವುದು ಜಾಣತನ. ಪ್ಲಾಸ್ಟರಿಂಗ್ ಆದಮೇಲೆ ಆ ಸ್ಕ್ರೂ ಹುಡುಕುವುದು ಉಳಿಯಲ್ಲಿ ಕಲ್ಲು ಕೆತ್ತಿದ ಹಾಗೆ. ಮನೆಗೆ 25 ಬಾಕ್ಸಾದರೆ ಬೇಕಾಗುವುದು ಐದು ಮೀಟರ್ ವೈರು, 25 ಲಗ್ಗು, ಅಷ್ಟೇ.

ಫ್ಯಾನ್ ಬಾಕ್ಸನ್ನು ಎಲ್ಲರೂ ಮರೆಯುತ್ತಾರೆ. ಅದು ಸ್ಲ್ಯಾಬಿನ ಕಂಬಿಗೂ ತಾಗಿಕೊಂಡಿರುತ್ತದೆ, ಕೆಳಗೆ ಲೋಹದ ಫ್ಯಾನು ತೂಗುತ್ತಿರುತ್ತದೆ. ಫ್ಯಾನಿನ ವೈರು ಸೇರಿಸುವ ಸೀಲಿಂಗ್ ರೋಸ್ ಎರಡೇ ಟರ್ಮಿನಲ್ಲಿನದು ತಂದರೆ ಅರ್ಥ್ ಕಟ್ಟಲು ಜಾಗವೇ ಇರುವುದಿಲ್ಲ, ಮೂರರದ್ದು ತನ್ನಿ.

ಯಾವುದಕ್ಕೆ ಬೇಡ? ಗೋಡೆಯ ಮೇಲೆ ಓಡುವ ಪೈಪನ್ನು ಹಿಡಿದಿಡುವ ಕಬ್ಬಿಣದ ಸ್ಯಾಡಲ್, ಅದರ ಸ್ಕ್ರೂಗಳಿಗೆ ಬೇಡ. ಕೈಯಲ್ಲಿ ಹಿಡಿಯಲಾಗದ, ಸುಮಾರು 50×50 ಮಿಲಿಮೀಟರಿಗಿಂತ ಚಿಕ್ಕ ತುಣುಕುಗಳಿಗೆ ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡವಾದ ಐಇಸಿ ನಿಯಮದಲ್ಲೇ ವಿನಾಯಿತಿ ಇದೆ.

ಅರ್ಥ್ ಸಿಗದ ಕಡೆ ಬಾಕ್ಸನ್ನು ನ್ಯೂಟ್ರಲ್‌ಗೆ ಕಟ್ಟುವ ಕೆಟ್ಟ ಚಾಳಿಯೊಂದಿದೆ. ಹಿಂದೆಲ್ಲೋ ನ್ಯೂಟ್ರಲ್ ಕಡಿದು ಒಂದು ಲೈಟು ಆನ್ ಆಗಿದ್ದರೂ ಸಾಕು, ಹಾಗೆ ಕಟ್ಟಿದ ಎಲ್ಲ ಬಾಕ್ಸಿಗೂ ಫೇಸ್ ಬರುತ್ತದೆ.

ಪರೀಕ್ಷೆಗೆ ಟೆಸ್ಟರ್ ನಂಬಬೇಡಿ. ಅರ್ಥ್ ಇಲ್ಲದ ಬಾಕ್ಸು ಪಕ್ಕದ ವೈರುಗಳ ಪ್ರಭಾವಕ್ಕೇ ಮಂದವಾಗಿ ಉರಿಸುತ್ತದೆ, “ಸ್ವಲ್ಪ ರಿಟರ್ನ್ ಬರ್ತಿದೆ” ಎಂದು ಬಿಟ್ಟುಬಿಡುತ್ತಾರೆ. ಮೇನ್ ಆಫ್ ಮಾಡಿ, ಡಿಬಿಯ ಅರ್ಥ್ ಬಾರಿನಿಂದ ಉದ್ದ ವೈರು ಎಳೆದು, ಅದರ ತುದಿಗೂ ಬಾಕ್ಸಿನ ಕಿವಿಗೂ ಮಲ್ಟಿಮೀಟರ್ ಹಿಡಿಯಿರಿ. ಎಳೆದ ವೈರಿನ ಓಮ್ ಕಳೆದರೆ 20 ಮೀಟರ್ ದೂರದ 1.5ರ ವೈರಿಗೆ 0.3 ಓಮ್ ಆಸುಪಾಸು ಬರಬೇಕು. ಎರಡು ಮೂರು ಓಮ್ ತೋರಿಸಿದರೆ ಎಲ್ಲೋ ಜಾಯಿಂಟು ಸಡಿಲ.

ಸ್ಟೀಲ್ ಪೈಪಿನ ಹಳೇ ಮನೆಯಲ್ಲಿ ರೂಮೊಂದನ್ನು ಒಡೆದು ನಡುವೆ ಪಿವಿಸಿ ತುಂಡು ಸೇರಿಸಿದ್ದರೆ ಅಲ್ಲಿಂದಾಚೆಯ ಬಾಕ್ಸುಗಳನ್ನು ತಪ್ಪದೆ ನೋಡಿ. ಪೈಪಿನ ಮೂಲಕ ಹೋಗುತ್ತಿದ್ದ ಅರ್ಥ್ ಆ ಒಂದು ಅಡಿ ಪ್ಲಾಸ್ಟಿಕ್ಕಿನಲ್ಲಿ ತುಂಡಾಗಿರುತ್ತದೆ. ಎರಡೂ ಕಡೆಯ ಸ್ಟೀಲ್ ಪೈಪಿಗೆ ಅರ್ಥ್ ಕ್ಲಿಪ್ ಹಾಕಿ ನಡುವೆ 4 ಸ್ಕ್ವೇರ್ ಎಂಎಂ ಹಸಿರು ವೈರು ಜೋಡಿಸಬಹುದು. ಆದರೆ ಹಳೇ ಪೈಪಿನ ಥ್ರೆಡ್ಡುಗಳೆಲ್ಲ ತುಕ್ಕು ತಿಂದಿರುವಾಗ, ಡಿಬಿಯಿಂದಲೇ ಹೊಸ ಅರ್ಥ್ ವೈರು ಎಳೆದುಬಿಡುವುದೇ ಲೇಸು.